ಇನ್ನೂರ ಹದಿನೇಳನೆಯ ಪೆಟ್ಟಿಗೆ

ಮೈಂದರ್ಗಿಯ ಹೊರಗೆ, ಮುಚ್ಚಿಹೋದ ಶೇಂಗಾ ಗೋದಾಮಿನಲ್ಲಿ
ನೆಲದ ಹೊಟ್ಟೆಯಿಂದ ಕೊರೆದು ತೆಗೆದ ಕಲ್ಲಿನ ಕೋಲುಗಳು
ತಗಡಿನ ಪೆಟ್ಟಿಗೆಗಳಲ್ಲಿ ಸಾಲಾಗಿ ಮಲಗಿವೆ.
ನಂಬರು, ಆಳ, ತಾರೀಖು: ಎಲ್ಲ ನನ್ನ ಕೈಬರಹ.
ಎರಡು ತಿಂಗಳಿಂದ ಬರೆದದ್ದು ಹೆಚ್ಚುಕಡಿಮೆ ಒಂದೇ ಮಾತು:
ಕರಿಕಲ್ಲು, ಕರಿಕಲ್ಲು,
ನಡುವೆ ಗೇಣುದ್ದ ಕೆಮ್ಮಣ್ಣು,
ಮತ್ತೆ ಕರಿಕಲ್ಲು.

ಕಾವಲಿನ ಗೈಬೂಸಾಬ ಒದ್ದೆ ಅರಿವೆಯಿಂದ
ಒಂದೊಂದನ್ನೂ ಒರೆಸಿ ಕೊಡುತ್ತಾನೆ.
ಒಣಕಲ್ಲು ಬಾಯಿ ಬಿಡುವುದಿಲ್ಲ,
ನೀರು ತಾಗಿದರೆ ತಡೆದುಕೊಳ್ಳುವುದಿಲ್ಲ.
ನಲವತ್ತು ವರ್ಷ ಬಾವಿಗಳಿಗೆ ಸುರುಂಗ ಹಾಕಿದವನು;
ಎಡಗೈಯಲ್ಲಿ ಮೂರೇ ಬೆರಳು.

ಇನ್ನೂರ ಹದಿನೇಳನ್ನು ಒರೆಸುತ್ತ ನಿಂತುಬಿಟ್ಟ.
"ಅಕ್ಕಾರ, ಇದು ಕಲ್ಲಲ್ಲ. ಬಳಿಚೂರು."

ನಿಜ. ಗಾಜು.
ಬೋರಿ ಹೊಳೆ ಇನ್ನೂ ದಾರಿ ಹುಡುಕಿಕೊಳ್ಳದ ಕಾಲಕ್ಕೆ
ಇಲ್ಲೊಂದು ಕೆರೆಯಿತ್ತು, ಕರೆಯಲು ಯಾರೂ ಇರಲಿಲ್ಲ.
ಕರಗಿದ ಬೆಂಕಿ ಹರಿದು ಬಂದು ಅದರೊಳಗೆ ಇಳಿಯಿತು.

"ನೀರು ಕುದ್ದಿರಬೇಕು."
ತಕ್ಷಣವೇ ಅಲ್ಲ.
ಕಾದ ಹಂಚಿಗೆ ನೀರು ಚಿಮುಕಿಸಿದರೆ
ಹನಿ ಆರುವುದಿಲ್ಲ, ಗುಂಡಾಗಿ ಓಡಾಡುತ್ತದೆ:
ಎರಡರ ನಡುವೆ ಆವಿಯದೊಂದು ತೆಳ್ಳನೆ ದುಪ್ಪಟಿ.
ಅದು ಇರುವತನಕ ನೀರು ನೀರೇ, ಬೆಂಕಿ ಬೆಂಕಿಯೇ.
ಎಲ್ಲೋ ಒಂದು ಕಡೆ ಅದು ಹರಿಯಿತೋ,
ಮುಟ್ಟಬಾರದ್ದು ಮುಟ್ಟಿತೋ...

ಅವನು ತಲೆಯಾಡಿಸಿದ. ಅವನಿಗೆ ಇದು ಪಾಠವಲ್ಲ.
"ಒಣ ತೂತಿನ್ಯಾಗಿನ ಮದ್ದು ಒದರತದ.
ನೀರು ನಿಂತ ತೂತು ಹಂಗಲ್ಲ,
ಒಂದ ಸಲ ಗುಕ್ಕ ಅಂತದ. ಕಲ್ಲು ಹಿಟ್ಟಾಗಿ ಬರತದ."
ಎಡಗೈಯನ್ನು ಜೇಬಿಗೆ ಇಳಿಸಿದ.

ಆಗ ಹೊಳೆಯಿತು:
ಇದರ ಮೇಲಿನ ಪೆಟ್ಟಿಗೆಯಲ್ಲಿ ಅವರೆಕಾಳಿನಂಥ ಉಂಡೆಗಳ ಮುಂದೆ
ನಾನು ಬರೆದದ್ದು ಬರೀ ಪ್ರಶ್ನೆಚಿಹ್ನೆ.
ಅವು ಬೂದಿಯ ಆಲಿಕಲ್ಲು. ಒದ್ದೆ ಮೋಡದೊಳಗೆ ಉರುಳುರುಳಿ,
ಪದರ ಮೇಲೆ ಪದರ ಸುತ್ತಿಕೊಂಡು
ಅದೇ ಕೆರೆಯ ಮೇಲೆ ಸುರಿದದ್ದು.

ಮುಂಬಯಿಯ ಕಚೇರಿಗೆ ಇದೆಲ್ಲ ಬೇಡ.
ಎಣ್ಣೆ ನಿಲ್ಲಲು ಜಾಗವಿದೆಯೆ, ಶೇಕಡಾ ಎಷ್ಟು?
ಇಡಿಯಾಗಿ ಉಳಿದ ಕರಿಕಲ್ಲು ತೊಟ್ಟನ್ನೂ ಒಳಗೆ ಬಿಡದು,
ಚೂರಾದದ್ದರ ಸಂದಿಯಲ್ಲಿ ತಾನೆ ನೆಲೆ.
ಆಸೆಯಿಂದ ಭೂತಗನ್ನಡಿ ಹಿಡಿದೆ.

ಗಾಜಿಗೆ ಶಾಂತಿಯಿಲ್ಲ. ತನ್ನನ್ನು ಒಡೆದ ನೀರನ್ನೇ
ಗುಟುಕು ಗುಟುಕಾಗಿ ಕುಡಿದು ಜೇಡಿಯಾಗಿದೆ.
ಸಂದುಗಳಲ್ಲಿ ಬಿಳಿ ಸೂಜಿಹರಳು,
ಒಂದಕ್ಕೊಂದು ಒತ್ತಿಕೊಂಡು, ಬಾಗಿಲು ಹಾಕಿಕೊಂಡು.

ಕೊನೆಗೆ ಉಳಿದದ್ದು ನೇರಳೆ ದೀಪದ ಪರೀಕ್ಷೆ.
ಶಟರ್ ಎಳೆದೆವು. ಕಗ್ಗತ್ತಲು, ಹಳೆಯ ಶೇಂಗಾ ವಾಸನೆ.
ಸ್ವಿಚ್ಚು ಒತ್ತಿದ್ದೇ ತಡ
ಧಗ್ಗನೆ ಬೆಳಗಿದ್ದು ಗೈಬೂಸಾಬನ ಅಂಗಿ!
"ಸೊಸಿ ಪಾವಡರ್ ಭಾಳ ಹಾಕತಾಳ," ಅಂದ; ಹಲ್ಲೂ ಮಿನುಗಿದವು.
ನಗು ಮುಗಿದ ಮೇಲೆ ಕಂಡಿತು,
ಗಾಜುಚೂರುಗಳ ಮೂಲೆಯೊಂದರಲ್ಲಿ
ಸಾಸಿವೆಯಷ್ಟು ಹಳದಿ ಬೆಳಕು.

ಎಣ್ಣೆ ಈ ದಾರಿಯಲ್ಲಿ ಬಂದಿತ್ತು.
ಸಂದು ಮುಚ್ಚುವ ಮುಂಚೆಯೋ, ಮುಚ್ಚುತ್ತಿದ್ದಾಗಲೋ.
ಉಳಿದದ್ದು ಎತ್ತ ಹೋಯಿತೋ ಕಲ್ಲಿಗೂ ನೆನಪಿಲ್ಲ.

ಶಟರ್ ಎತ್ತಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಬರೆದೆ:
ರಂಧ್ರ ಶೇಕಡಾ ಮೂರು. ಎಣ್ಣೆಯ ಗುರುತು, ಅತ್ಯಲ್ಪ.
ಅಷ್ಟು ಸಾಕು, ರಿಗ್ಗು ಬಿಚ್ಚಲು.

"ಕೆರಿ ಇತ್ತಂತನೂ ಬರೀರಿ," ಅಂದ ಗೈಬೂಸಾಬ.
ಅದಕ್ಕೆ ನಮೂನೆಯಲ್ಲಿ ಕಾಲಮ್ಮಿಲ್ಲ.
ಅವನು ಅರಿವೆ ಹಿಡಿದು ನಿಂತೇ ಇದ್ದ.
ಮುಚ್ಚಳ ತಿರುವಿ, ಒಳಮೈಯ ತಗಡಿಗೆ,
ಸೀಸ ಮುರಿಯದ ಹಾಗೆ, ಬರೆದೆ.